ಒಂದು ಊರು ಬಾ ಅಂದಿತ್ತು

ಬೆಳಿಗ್ಗೆ ಮೈನಸ್ 34. ಕಾರಿನ ಎಂಜಿನ್ ಬೆಚ್ಚಗಿಡುವ ಬ್ಲಾಕ್ ಹೀಟರ್ ವೈರು ಕಿತ್ತು ಸುತ್ತಿಡುವಷ್ಟರಲ್ಲಿ ಪಕ್ಕದ ಮನೆ ಅಜ್ಜ ನಮ್ಮ ಬಾಗಿಲ ಮುಂದಿನ ಹಿಮವನ್ನೂ ತೆಗೆದುಬಿಟ್ಟಿದ್ದರು. ನಾನು ಕೇಳಿರಲೇ ಇಲ್ಲ.

ಟಿಮ್ಮಿನ್ಸ್‌ನಲ್ಲಿ ಇದು ನನ್ನ ಮೂರನೇ ಚಳಿಗಾಲ. ಟೊರೊಂಟೊದಿಂದ ಉತ್ತರಕ್ಕೆ ಸುಮಾರು 700 ಕಿಲೋಮೀಟರ್, ಜನ 41 ಸಾವಿರದಷ್ಟು. ಸಣ್ಣ ಊರುಗಳಿಗೆ ಕೆಲಸ ಬಲ್ಲವರನ್ನು ಕರೆಸಿಕೊಳ್ಳಲು ಕೆನಡಾ 2019ರಲ್ಲಿ ಶುರುಮಾಡಿದ ಯೋಜನೆಯಲ್ಲಿ ಬಂದವನು ನಾನು. 2024ರಲ್ಲಿ ಅದು ಮುಗಿಯಿತು. ಕಂಪನಿ ಕೆಲಸ ಕೊಟ್ಟರೆ ಸಾಲದು, ಊರೂ ನಮ್ಮನ್ನು ಶಿಫಾರಸು ಮಾಡಬೇಕಿತ್ತು. ಆಮೇಲೇ ಪಿಆರ್ (ಕಾಯಂ ವಾಸದ ಅನುಮತಿ) ಅರ್ಜಿ. ಆ ಪತ್ರ ಕೈಗೆ ಬಂದ ದಿನ ಫೋನಿನಲ್ಲಿ, "ಅಮ್ಮಾ, ಒಂದು ಊರು ನನ್ನ ಬಾ ಅಂದಿದೆ" ಅಂದಿದ್ದೆ. ಅಮ್ಮ ಅತ್ತಿದ್ದಳು.

ಯಾಕೆಂದರೆ ನಾವು ಕೆಜಿಎಫ್‌ನವರು. ತಾತ ಗಣಿಗೆ ಇಳಿದವರು, ಅಪ್ಪನೂ ಅಷ್ಟೇ. 2001ರಲ್ಲಿ ಗಣಿ ಮುಚ್ಚಿದ ಮೇಲೆ ಅಪ್ಪ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗುತ್ತಿದ್ದರು, ರಾತ್ರಿ ನಾವು ಮಲಗಿದ ಮೇಲೆ ಬರುತ್ತಿದ್ದರು. ಟಿಮ್ಮಿನ್ಸ್ ಕೂಡ ಚಿನ್ನದಿಂದಲೇ ಹುಟ್ಟಿದ ಊರು, ಇಲ್ಲಿ 1909ರಲ್ಲಿ ಚಿನ್ನ ಸಿಕ್ಕಿತು, ಇವತ್ತಿಗೂ ತೆಗೆಯುತ್ತಿದ್ದಾರೆ. ನಾನು ಗಣಿಯ ಯಂತ್ರಗಳನ್ನು ರಿಪೇರಿ ಮಾಡುತ್ತೇನೆ. ಕೇಜಿನಲ್ಲಿ, ಅಂದರೆ ಗಣಿಯ ಲಿಫ್ಟಿನಲ್ಲಿ, ಕೆಳಗಿಳಿಯುವಾಗ ಕಿವಿ ಗಪ್ಪೆಂದು ಮುಚ್ಚಿಕೊಳ್ಳುತ್ತದೆ. ಪ್ರತಿ ಸಲವೂ ತಾತ ನೆನಪಾಗುತ್ತಾರೆ.

ಸಂಜೆ ಅಜ್ಜನಿಗೆ ಒಂದು ಡಬ್ಬಿ ಚಿತ್ರಾನ್ನ ಕೊಟ್ಟು ಬರಬೇಕು, ಖಾರ ಕಮ್ಮಿ ಹಾಕಿ.