ಯಾವಾಗ ನಿದ್ದೆ ಮಾಡ್ತಿದ್ರೋ

ಅಮ್ಮ ಮೈಸೂರಿಂದ ಅಮೆರಿಕದ ಅರಿಜೋನಾದಲ್ಲಿರುವ ಟೂಸಾನ್‌ಗೆ ಬಂದು ಮೂರು ವಾರವಾಗಿತ್ತು. ಒಂದು ಶನಿವಾರ ಬುತ್ತಿ ಕಟ್ಟಿಕೊಂಡು ಹಳೇ ಬೆಳ್ಳಿ ಗಣಿಗಳ ಊರು ಟೂಂಬ್‌ಸ್ಟೋನ್‌ಗೆ ಹೊರಟೆವು. ಅಲ್ಲಿಗೆ ಹೋದವರೆಲ್ಲ ಮೊದಲು ನೋಡುವುದು 1881ರ ಅಕ್ಟೋಬರ್‌ನ ಗುಂಡಿನ ಕಾಳಗದಿಂದ ಹೆಸರಾದ ಕುದುರೆ ಲಾಯ, ಓಕೆ ಕೊರಾಲ್. ಅರ್ಧ ನಿಮಿಷದ ಜಗಳ ಅದು. ನನಗೆ ಬೇಕಿದ್ದದ್ದು ಅಲೆನ್ ಸ್ಟ್ರೀಟಿನ ಬರ್ಡ್ ಕೇಜ್ ಥಿಯೇಟರ್. ಅದೇ ವರ್ಷ ಡಿಸೆಂಬರ್‌ನಲ್ಲಿ ಬಾಗಿಲು ತೆರೆದ ಜಾಗ. ಕುಡಿತ, ಹಾಡು, ಕುಣಿತ, ಜೂಜು ಎಲ್ಲ ಒಂದೇ ಸೂರಿನಡಿ.

ಒಳಗೆ ಮಬ್ಬು ಬೆಳಕು, ಹಳೇ ಮರದ ವಾಸನೆ. ಎರಡೂ ಕಡೆ ಎತ್ತರದಲ್ಲಿ ಪರದೆ ಕಟ್ಟಿದ ಪುಟ್ಟ ಗೂಡುಗಳು. ದುಡ್ಡಿದ್ದವರು ಅಲ್ಲಿ ಕೂತು ವೇದಿಕೆ ನೋಡುತ್ತಿದ್ದರಂತೆ. ಗೋಡೆಯಲ್ಲಿ ಗುಂಡಿನ ತೂತುಗಳಿವೆ. ಅಮ್ಮ ಅವುಗಳ ಕಡೆ ತಿರುಗಿಯೂ ನೋಡಲಿಲ್ಲ.

ನಾನು ನಿಂತುಬಿಟ್ಟಿದ್ದು ಫ್ಯಾರೋ ಅನ್ನುವ ಇಸ್ಪೀಟ್ ಜೂಜಿನ ಮೇಜಿನ ಮುಂದೆ. ಸಿನಿಮಾದಲ್ಲಿ ಎಲ್ಲರೂ ಪೋಕರ್ ಆಡುತ್ತಾರೆ, ಆದರೆ ಆ ಕಾಲದ ಸಲೂನ್ ಅನ್ನುವ ಹೆಂಡದಂಗಡಿಗಳಲ್ಲಿ ಜನ ಮುಗಿಬೀಳುತ್ತಿದ್ದದ್ದು ಫ್ಯಾರೋಗೆ. ಮೇಜಿನ ಮೇಲೆ ಎಕ್ಕದಿಂದ ರಾಜನವರೆಗೆ 13 ಎಲೆಗಳ ಚಿತ್ರ. ಬೇಕಾದ ಎಲೆ ಮೇಲೆ ದುಡ್ಡಿಡಬೇಕು. ಆಟ ನಡೆಸುವವನು ಪೆಟ್ಟಿಗೆಯಿಂದ ಎರಡೆರಡು ಎಲೆ ತೆಗೆಯುತ್ತಾನೆ. ಮೊದಲನೆಯದಕ್ಕೆ ಕಟ್ಟಿದವರ ದುಡ್ಡು ಹೋಯಿತು, ಎರಡನೆಯದಕ್ಕೆ ಕಟ್ಟಿದವರು ಗೆದ್ದರು. "ನಮ್ಮ ಅಂದರ್ ಬಾಹರ್ ಥರಾನೇ ಅಲ್ವಾ?" ಅಂದರು ಅಮ್ಮ. ಹೌದು, ಹತ್ತಿರ ಹತ್ತಿರ ಅದೇ. ಹೋದ ಎಲೆಗಳ ಲೆಕ್ಕಕ್ಕೆ ಒಂದು ಮಣಿ ಚೌಕಟ್ಟೂ ಇರುತ್ತಿತ್ತು, ಎಲೆಗೆ ನಾಲ್ಕು ಮಣಿ. ಶಿಶುವಿಹಾರದಲ್ಲಿ ನಾನು ಕೂಡುವುದು ಕಲಿತ ಮಣಿ ಚೌಕಟ್ಟಿನ ಹಾಗೇ. ನ್ಯಾಯವಾಗಿ ಆಡಿಸಿದರೆ ಫ್ಯಾರೋದಲ್ಲಿ ಲಾಭ ತೀರಾ ಕಡಿಮೆ, ಅದಕ್ಕೇ ಮೋಸ ಜಾಸ್ತಿ. ಎಲೆ ತೆಗೆಯುವ ಪೆಟ್ಟಿಗೆಯನ್ನೇ ಕಳ್ಳತನಕ್ಕೆ ತಕ್ಕ ಹಾಗೆ ಮಾಡಿಸುತ್ತಿದ್ದರು. ದಿನವಿಡೀ ನೆಲದಡಿ ಬೆಳ್ಳಿ ಅಗೆದರೆ 4 ಡಾಲರ್ ಕೂಲಿ. ಅದು ಇಂಥ ಮೇಜಿನ ಮೇಲೆ ಕರಗಿಹೋಗುತ್ತಿತ್ತು ಅಂದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

"ಹಾಡು ಮುಗಿದ ಮೇಲೆ ಇಲ್ಲಿ ಹಾಡ್ತಿದ್ದ ಹೆಣ್ಣುಮಕ್ಕಳು ಏನ್ ಮಾಡ್ತಿದ್ರು ಪುಟ್ಟಿ?"

ಗಿರಾಕಿಗಳ ಜೊತೆ ಕೂತು ಅವರು ಜಾಸ್ತಿ ಕುಡಿಯುವ ಹಾಗೆ ನೋಡಿಕೊಳ್ಳಬೇಕಿತ್ತು, ಮಾರಿದ ಕುಡಿತದಲ್ಲಿ ಆ ಹೆಣ್ಣುಮಕ್ಕಳಿಗೊಂದು ಪಾಲು ಅಂದೆ. ಮಿಕ್ಕಿದ್ದನ್ನು ಹೇಳುವ ಅಗತ್ಯ ಬರಲಿಲ್ಲ. ಕೆಳಗಿಳಿದರೆ ನೆಲಮಾಳಿಗೆಯಲ್ಲಿ ಜೂಜಿನ ಮೇಜು, ಅದರ ಪಕ್ಕದಲ್ಲೇ ಒಂದು ಮಂಚ ಹಿಡಿಸುವಷ್ಟು ಕೋಣೆಗಳು. ಅಮ್ಮ ಬಾಗಿಲ ಚೌಕಟ್ಟು ಹಿಡಿದು ತುಂಬಾ ಹೊತ್ತು ನಿಂತರು. ಮಂಚವನ್ನು ನೋಡಿದರು, ಮೇಜನ್ನು ನೋಡಿದರು, ಮತ್ತೆ ಮಂಚವನ್ನು.

ಆಮೇಲೆ ಗಣಿಗಳಿಗೆ ನೀರು ನುಗ್ಗಿತು, ಊರು ಖಾಲಿಯಾಯಿತು, ಥಿಯೇಟರೂ ಮುಚ್ಚಿತು. ಇದನ್ನೆಲ್ಲ ನಾನು ಕಾರಿನಲ್ಲಿ ಹೇಳುತ್ತಿದ್ದೆ. ಅಮ್ಮ ಮೊಸರನ್ನದ ಡಬ್ಬಿ ಬಿಚ್ಚಿ ತೊಡೆಯ ಮೇಲಿಟ್ಟುಕೊಂಡು ಹಾಗೇ ಕೂತಿದ್ದರು.

"ಮೇಲೆ ಕುಣಿತ, ಪಕ್ಕದಲ್ಲಿ ಜೂಜು" ಅಂದರು. "ಆ ಹುಡುಗೀರು ಯಾವಾಗ ನಿದ್ದೆ ಮಾಡ್ತಿದ್ರೋ."