ರೇವಾ ಕಾರಿನ ಬಿರುಕು, ಮಂಗಳ ಗ್ರಹದ ಟ್ಯಾಕ್ಸಿ

ಜುಲೈ 20, 2025, ಭಾನುವಾರ
ಬನಶಂಕರಿ, ಬೆಂಗಳೂರು

ಬಾಲ್ಕನಿಯಲ್ಲಿಟ್ಟಿದ್ದ ಉಪ್ಪಿನಕಾಯಿ ಬಾಟಲಿಯ ಮುಚ್ಚಳ ತೆಗೆದು ನೋಡಿದೆ. ನಿನ್ನೆ ಹಾಕಿದ್ದ ಹಳೇ ಕೀಬೋರ್ಡಿನ ಚೂರು ಒಂದೂ ಉಳಿದಿಲ್ಲ. ಎಲ್ಲ ನೇಲ್ ಪಾಲಿಶ್ ಅಳಿಸುವ ಅಸಿಟೋನಿನಲ್ಲಿ ಕರಗಿ ಜೋನಿಬೆಲ್ಲದ ಹದಕ್ಕೆ ಬಂದಿದೆ. ಕಡ್ಡಿಯಲ್ಲಿ ಎತ್ತಿದರೆ ನಿಧಾನಕ್ಕೆ ಎಳೆಯಾಗಿ ಇಳಿಯುತ್ತದೆ. ಇವತ್ತಿನ ಅಂಟೂ ಇದೇ, ಪುಟ್ಟಿಯೂ ಇದೇ. ಬೆಳಗ್ಗೆ ಕಾರಿಗೆ, ಮಧ್ಯಾಹ್ನದ ಮೇಲೆ ನಾನು ಕಟ್ಟುತ್ತಿರುವ ಪುಟ್ಟ ಕಾರಿನ ಮಾಡೆಲ್‌ಗೆ.

"ರೀ, ಆ ಬಾಟಲಿ ಇನ್ನು ಅಡುಗೆಮನೆ ಕಡೆ ಬರೋ ಹಾಗಿಲ್ಲ" ಅಂತ ಒಳಗಿನಿಂದ ಅಪ್ಪಣೆಯಾಯಿತು. ನ್ಯಾಯವಾದ ಮಾತೇ.

ನನ್ನ ಹತ್ತಿರ ಇರುವುದು 2008ರ ರೇವಾ, ಸೆಕೆಂಡ್ ಹ್ಯಾಂಡ್. ಈಗಿನ ಹುಡುಗರಿಗೆ ಹೇಳಿದರೆ "ಅದ್ಯಾವ ಕಾರು?" ಅಂತಾರೆ. ನಮ್ಮೂರಿನದೇ ಎಲೆಕ್ಟ್ರಿಕ್ ಕಾರು ಮಾರಾಯ್ರೆ. ಬೆಂಗಳೂರಿನ ಮೈನಿ ಗ್ರೂಪ್ ಅಮೆರಿಕದ ಅಮೆರಿಗಾನ್ ಕಂಪನಿ ಜೊತೆ ಸೇರಿ 1994ರಲ್ಲಿ ಕಂಪನಿ ಶುರು ಮಾಡಿತು. ಕಾರು ರಸ್ತೆಗಿಳಿದದ್ದು 2001ರಲ್ಲಿ. ಇದರ ಹಿಂದಿದ್ದ ಚೇತನ್ ಮೈನಿ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಓದುವಾಗ ಸೋಲಾರ್ ಕಾರು ಕಟ್ಟುವ ತಂಡದಲ್ಲಿದ್ದರು. ಆ ಕಾರು 1990ರಲ್ಲಿ ಅಮೆರಿಕದ ಸನ್‌ರೇಸ್ ಗೆದ್ದಿತು. ಅಂದರೆ ರೇವಾದ ಬೇರು ಇರುವುದೂ ಕಾಲೇಜು ಹುಡುಗರ ಹುಚ್ಚಿನಲ್ಲೇ ಅನ್ನೋದು ನನ್ನ ವಾದ. ಲಂಡನ್ನಿನಲ್ಲಿ ಇದೇ ಕಾರು ಜಿ-ವಿಜ್ ಅನ್ನೋ ಹೆಸರಲ್ಲಿ ಓಡಾಡಿತು. ಊರ ನಡುವಿಗೆ ಹೋಗುವ ಕಾರುಗಳು ಕಟ್ಟಬೇಕಾದ ಕಂಜೆಶನ್ ಚಾರ್ಜ್ ಇದಕ್ಕೆ ಇರಲಿಲ್ಲ. ಜನ ಕೊಂಡಿದ್ದು ಅದಕ್ಕೆ. ಚೆಂದ ನೋಡಿ ಯಾರೂ ಕೊಂಡಿರಲಿಕ್ಕಿಲ್ಲ, ಬಿಡಿ. 2010ರಲ್ಲಿ ಕಂಪನಿಯ ದೊಡ್ಡ ಪಾಲು ಮಹೀಂದ್ರಾ ಕೈಗೆ ಹೋಯಿತು, 2013ರಲ್ಲಿ ಇ2ಒ ಅನ್ನೋ ಹೊಸ ಕಾರು ಬಂತು. ಹಳೇ ರೇವಾ ಈಗ ನನ್ನಂಥವರ ಪಾರ್ಕಿಂಗಿನಲ್ಲಿ ಮಾತ್ರ.

ಈ ಕಾರಿಗೆ ಒಳಗೆ ಉಕ್ಕಿನ ಪೈಪುಗಳ ಚೌಕಟ್ಟು, ಹೊರಗೆ ಎಬಿಎಸ್ ಪ್ಲಾಸ್ಟಿಕ್ಕಿನ ಹೊದಿಕೆ. ಲೆಗೊ ಇಟ್ಟಿಗೆ ಮಾಡುವ ಪ್ಲಾಸ್ಟಿಕ್ಕೇ. ಗುದ್ದಿದರೆ ನೆಗ್ಗುವುದಿಲ್ಲ, ಒಳಗೆ ಹೋಗಿ ಮತ್ತೆ ಹೊರಗೆ ಬರುತ್ತದೆ. ಆದರೆ ವರ್ಷಗಟ್ಟಲೆ ಬಿಸಿಲು ತಿಂದ ಎಬಿಎಸ್‌ಗೆ ಆ ಗುಣ ಕಮ್ಮಿಯಾಗುತ್ತದೆ. ಅದರೊಳಗಿನ ರಬ್ಬರಿನ ಅಂಶವನ್ನು ಬಿಸಿಲಿನ ಅತಿನೇರಳೆ ಕಿರಣ ಹಾಳು ಮಾಡಿ, ಪ್ಲಾಸ್ಟಿಕ್ ಪೆಡಸಾಗುತ್ತದೆ. ಹೋದ ತಿಂಗಳು ಯಾರೋ ಪುಣ್ಯಾತ್ಮರು ಬೈಕು ಒರಗಿಸಿ ಹೋದರು. ಮುಂದಿನ ಮಡ್‌ಗಾರ್ಡಿನ ಮೇಲೆ ಗೇಣುದ್ದ ಬಿರುಕು.

ತಗಡಾಗಿದ್ದರೆ ಟಿಂಕರಿಂಗಿಗೆ ಬಿಡಬೇಕಿತ್ತು. ಪ್ಲಾಸ್ಟಿಕ್ ಆದದ್ದು ನನ್ನ ಪುಣ್ಯ. ಬಿರುಕು ಮುಗಿಯುವ ತುದಿಯಲ್ಲಿ ಮೊದಲು ಸಣ್ಣದೊಂದು ತೂತು ಕೊರೆದೆ. ತೂತಿಲ್ಲದಿದ್ದರೆ ಬಿರುಕು ಮುಂದೆ ಓಡುತ್ತಲೇ ಇರುತ್ತದೆ. ದುಂಡಗಿನ ತೂತಿಗೆ ಬಂದರೆ ಒತ್ತಡ ಒಂದೇ ಮೊನೆಯಲ್ಲಿ ಸೇರದೆ ಸುತ್ತ ಹಂಚಿಹೋಗುತ್ತದೆ, ಓಟ ನಿಲ್ಲುತ್ತದೆ. ಆಮೇಲೆ ಬಿರುಕಿನುದ್ದಕ್ಕೂ ಕಟ್ಟರಿನಿಂದ ಇಳಿಜಾರಾಗಿ ಕೆತ್ತಿ ಸಣ್ಣ ತೋಡು ಮಾಡಿಕೊಂಡೆ. ಹಿಂಬದಿಗೆ ಕಿಟಕಿಯ ಸೊಳ್ಳೆ ಜಾಲರಿಯ ತುಂಡು. ಅದು ಸ್ಟೀಲಿನದು, ಕರಗುವ ಭಯವಿಲ್ಲ. ಅದರ ಮೇಲೆ ಬಾಟಲಿಯ ಪಾಕ, ತೆಳ್ಳಗೆ, ಒಂದು ಪದರ ಒಣಗಿದ ಮೇಲೆ ಇನ್ನೊಂದು. ಒಟ್ಟಿಗೆ ದಪ್ಪಗೆ ಬಳಿದರೆ ಮೇಲೆ ಕೆನೆ ಕಟ್ಟಿ ಒಳಗೆ ಅಸಿಟೋನ್ ಸಿಕ್ಕಿಕೊಂಡು ಗುಳ್ಳೆ ಏಳುತ್ತದೆ.

ಇದು ನಿಜಕ್ಕೂ ಅಂಟಿಸುವ ಕೆಲಸವೇ ಅಲ್ಲ. ಅಸಿಟೋನ್ ಎರಡೂ ಕಡೆಯ ಪ್ಲಾಸ್ಟಿಕ್ಕನ್ನು ಮೆತ್ತಗೆ ಮಾಡುತ್ತದೆ, ಪಾಕ ಅದರೊಳಗೆ ಬೆರೆಯುತ್ತದೆ, ಅಸಿಟೋನ್ ಹಾರಿಹೋದ ಮೇಲೆ ಎಲ್ಲ ಸೇರಿ ಒಂದೇ ಪ್ಲಾಸ್ಟಿಕ್. ಫೆವಿಕ್ವಿಕ್ ಹಾಕಿದ್ದರೆ ಮೊದಲ ರೋಡ್ ಹಂಪಿಗೇ ಬಿಟ್ಟುಕೊಳ್ಳುತ್ತಿತ್ತು. ಮಾಡಿ ನೋಡುವವರಿಗೆ ಒಂದು ಮಾತು: ಅಸಿಟೋನ್ ಬೆಂಕಿಗೆ ತಕ್ಷಣ ಹತ್ತಿಕೊಳ್ಳುತ್ತದೆ. ಗಾಳಿ ಆಡುವ ಜಾಗದಲ್ಲೇ ಮಾಡಿ. ಒಲೆ, ದೀಪ, ಬೀಡಿ ಸಿಗರೇಟು ಹತ್ತಿರ ಇರಬಾರದು. ಕಾರಿನ ಬಣ್ಣವನ್ನೂ ಅದು ತಿನ್ನುತ್ತದೆ, ಸುತ್ತ ಟೇಪ್ ಹಾಕಿಕೊಳ್ಳಿ.

ಒಣಗಲಿ ಅಂತ ಬಿಟ್ಟು ಕಾಫಿ ಕುಡಿಯುವಾಗ ತಾರೀಖು ನೆನಪಾಯಿತು. ಜುಲೈ 20. 1969ರಲ್ಲಿ ಅಪೊಲೊ 11 ಚಂದ್ರನ ಮೇಲೆ ಇಳಿದ ದಿನ. ಎಲ್ಲರೂ ಇವತ್ತು ಆ ಹೆಜ್ಜೆ ಗುರುತಿನ ಫೋಟೊ ಹಾಕುತ್ತಾರೆ. ನನಗೆ ಇಷ್ಟ ಆಮೇಲೆ ಹೋದ ಅಪೊಲೊ 15, 16, 17. ಯಾಕೆಂದರೆ ಅವರು ಎಲೆಕ್ಟ್ರಿಕ್ ಕಾರು ತಗೊಂಡು ಹೋಗಿದ್ದರು! ಎರಡು 36 ವೋಲ್ಟ್ ಬ್ಯಾಟರಿ, ನಾಲ್ಕೂ ಚಕ್ರಕ್ಕೆ ಒಂದೊಂದು ಕಾಲು ಹಾರ್ಸ್‌ಪವರ್ ಮೋಟಾರು. ಚಾರ್ಜ್ ಮಾಡುವ ಮಾತೇ ಇಲ್ಲ, ಮುಗಿದರೆ ಮುಗಿಯಿತು.

1972ರ ಡಿಸೆಂಬರಿನಲ್ಲಿ ಅಪೊಲೊ 17ರ ಯೂಜೀನ್ ಸರ್ನನ್ ಅವರ ಸುತ್ತಿಗೆ ತಾಗಿ ಆ ಕಾರಿನ ಮಡ್‌ಗಾರ್ಡ್ ತುದಿ ಮುರಿದುಹೋಯಿತು. ಹೌದು, ಮಡ್‌ಗಾರ್ಡೇ. ಚಂದ್ರನ ಮಣ್ಣು ಎಂದರೆ ನಮ್ಮ ರಸ್ತೆಯ ಧೂಳಲ್ಲ. ಅಲ್ಲಿ ಗಾಳಿ ಮಳೆ ಇಲ್ಲದೆ ಪ್ರತಿ ಕಣವೂ ಚೂಪಾಗಿಯೇ ಉಳಿದಿರುತ್ತದೆ. ಚಕ್ರ ಎರಚಿದ ಆ ಧೂಳು ಅಲ್ಲಿದ್ದ ಇಬ್ಬರು ಗಗನಯಾತ್ರಿಗಳ ಮೇಲೂ ಯಂತ್ರಗಳ ಮೇಲೂ ಸುರಿಯತೊಡಗಿತು. ಮೊದಲು ಟೇಪ್ ಸುತ್ತಿದರು. ಧೂಳಿನ ಮೇಲೆ ಟೇಪ್ ಹಿಡಿಯಲಿಲ್ಲ, ಮುರಿದ ತುಂಡು ಬಿದ್ದೇಹೋಯಿತು. ಮರುದಿನ ನಾಲ್ಕು ನಕ್ಷೆಗಳನ್ನು ಒಂದಕ್ಕೊಂದು ಟೇಪ್ ಮಾಡಿ ಹಲಗೆಯ ಹಾಗೆ ಮಾಡಿಕೊಂಡು, ನೌಕೆಯೊಳಗಿನ ದೀಪದ ಕ್ಲ್ಯಾಂಪಿನಲ್ಲಿ ಕಚ್ಚಿಸಿದರು. ಕೆಲಸ ಮುಗಿಯುವವರೆಗೂ ಅದೇ ನಡೆಯಿತು. ಒಂದರ ಬಿಡಿಭಾಗ ಕಿತ್ತು ಇನ್ನೊಂದಕ್ಕೆ ಹೊಂದಿಸುವುದಕ್ಕೆ ನಾವು ಮಾಡೆಲ್ ಕಟ್ಟುವವರು ಕಿಟ್‌ಬ್ಯಾಶಿಂಗ್ ಅನ್ನುತ್ತೇವೆ. ಅದು ಇದೇ ಅಲ್ವಾ? ನಕ್ಷೆ ಮಾಡಿದವರು ಅದನ್ನು ಮಡ್‌ಗಾರ್ಡಿಗೆ ಅಂತ ಮಾಡಿರಲಿಲ್ಲ. ನೋಡುವ ಕಣ್ಣು ಸರ್ನನ್ ಅವರಿಗೂ ಭೂಮಿಯಲ್ಲಿದ್ದ ತಂಡಕ್ಕೂ ಇತ್ತು.

ಮಧ್ಯಾಹ್ನ ಊಟ ಆದ ಮೇಲೆ ಮಾಡೆಲ್.

ಈ ಸಲದ್ದು "ಮಂಗಳದ ಟ್ಯಾಕ್ಸಿ". ನೂರು ವರ್ಷ ಆದ ಮೇಲೆ ಯಾರೋ ಗುಜರಿಯಿಂದ ಒಂದು ರೇವಾ ಎತ್ತಿಕೊಂಡು ಹೋಗಿ ಮಂಗಳದಲ್ಲಿ ಬಾಡಿಗೆಗೆ ಓಡಿಸುತ್ತಿದ್ದಾರೆ ಅನ್ನೋದು ಕಥೆ. ಅಲ್ಲಿ ಪೆಟ್ರೋಲ್ ಗಾಡಿ ನಡೆಯುವುದಿಲ್ಲ, ಉರಿಯಲು ಆಮ್ಲಜನಕ ಬೇಕಲ್ಲ. ಅಳತೆ 1/24. ರೇವಾದ ಉದ್ದವೇ 2.6 ಮೀಟರ್, ಹಾಗಾಗಿ ಮಾಡೆಲ್ 11 ಸೆಂಟಿಮೀಟರ್. ಅಂಗೈಯಲ್ಲಿ ಕೂರುತ್ತದೆ.

ಮಾಡೆಲ್ ಕಾರಿನ ಮೈಗೆ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ತೂಕಕ್ಕೆ ಸಿಕ್ಕಿದ ಹಳೇ ಮಾನಿಟರಿನ ಹಿಂಬದಿ ಕತ್ತರಿಸಿಕೊಂಡೆ. ಒಳಮೈಯಲ್ಲಿ "ಎಬಿಎಸ್" ಅಂತ ಅಚ್ಚು ಇದೆಯಾ ನೋಡಿಯೇ ತಗೊಂಡೆ. "ಅಣ್ಣ, ಸುಮ್ನೆ ತಗೊಂಡೋಗಿ, ಏನ್ ಓದ್ತಾ ಇದೀರಾ?" ಅಂದ ಅಂಗಡಿ ಹುಡುಗ. ಓದದೆ ತಂದರೆ ಕೆಲಸಕ್ಕೆ ಬರಲ್ಲ ತಮ್ಮ.

ಚಕ್ರಕ್ಕೆ ನೀರಿನ ಬಾಟಲಿಯ ಮುಚ್ಚಳ, ಆರು. ಅಡ್ಡಳತೆ ಸುಮಾರು 3 ಸೆಂಟಿಮೀಟರ್, ಅಂದರೆ ನಿಜವಾದ ಅಳತೆಯಲ್ಲಿ 72. ಮಂಗಳಕ್ಕೆ ನಾಸಾ ಕಳಿಸಿದ ಆರು ಚಕ್ರದ ಕ್ಯೂರಿಯಾಸಿಟಿ ರೋವರಿನ ಚಕ್ರ 50 ಸೆಂಟಿಮೀಟರ್, ಟ್ಯಾಕ್ಸಿಗೆ ಸ್ವಲ್ಪ ದೊಡ್ಡದೇ ಇರಲಿ. ಮುಚ್ಚಳದ ಸುತ್ತ ತಿರುಗಿಸಲು ಇರುವ ಗೆರೆಗಳೇ ಟೈರಿನ ಗೆರೆ. ಆದರೆ ಮುಚ್ಚಳದ ಪ್ಲಾಸ್ಟಿಕ್ ಬೇರೆ ಜಾತಿ, ಅಸಿಟೋನಿಗೆ ಜಗ್ಗುವುದಿಲ್ಲ. ಅದಕ್ಕೆ ನಡುವೆ ತೂತು ಮಾಡಿ ಕನ್ನಡಕದ ಸ್ಕ್ರೂ ಹಾಕಿದೆ. ಕ್ಯೂರಿಯಾಸಿಟಿಯ ಹಾಗೇ ಒಂದು ಚಕ್ರ ಕಲ್ಲು ಹತ್ತಿದರೂ ಉಳಿದ ಐದು ನೆಲ ಬಿಡಬಾರದು. ಅದಕ್ಕೆ ಚಕ್ರಗಳನ್ನು ಹಿಡಿಯುವ ತೋಳುಗಳಲ್ಲಿ ಕೀಲು ಬೇಕು, ಆ ತೋಳುಗಳಿಗೆ ಮುರಿದ ಕೊಡೆಯ ಕಡ್ಡಿ. ಕೊಡೆಯಲ್ಲಿ ಕೀಲು ರೆಡಿಯಾಗೇ ಇರುತ್ತದೆ! ಹೆಡ್‌ಲೈಟಿಗೆ ಮಾತ್ರೆ ಪಟ್ಟಿಯ ಗುಳ್ಳೆ. ಡಿಶ್ ಆಂಟೆನಾಗೆ ಕೆಮ್ಮಿನ ಔಷಧಿ ಅಳೆಯುವ ಮುಚ್ಚಳದ ತಳ.

ಈ ವಿದ್ಯೆಯನ್ನು ದೊಡ್ಡದಾಗಿ ತೋರಿಸಿದವರು 1977ರ ಸ್ಟಾರ್ ವಾರ್ಸ್ ಸಿನಿಮಾದ ಮಾಡೆಲ್ ತಂಡ. ಟ್ಯಾಂಕು, ವಿಮಾನ, ಹಡಗುಗಳ ಮಾಡೆಲ್ ಕಿಟ್ಟುಗಳನ್ನು ರಾಶಿ ರಾಶಿ ಕೊಂಡು, ಬಿಡಿಭಾಗ ಕಿತ್ತು ಆಕಾಶನೌಕೆಗಳ ಮೈಮೇಲೆ ಅಂಟಿಸಿದರು. ಅಂಥ ಚಿಲ್ಲರೆ ತುಂಡುಗಳಿಗೆ ಗ್ರೀಬಲ್ ಅಂತಾರೆ. ಅದು ಕೆಲಸ ಮಾಡುವುದಕ್ಕೆ ಕಾರಣ ಇದೆ. ನುಣ್ಣಗಿನ ಮೈ ಕಂಡರೆ ಕಣ್ಣಿಗೆ ಗಾತ್ರ ತಿಳಿಯುವುದಿಲ್ಲ. ಸಣ್ಣ ಸಣ್ಣ ವಿವರ ಸಿಕ್ಕಿದ ಕೂಡಲೇ "ಇದು ಇಷ್ಟು ಸಣ್ಣದಾದರೆ, ಪೂರ್ತಿ ಎಷ್ಟು ದೊಡ್ಡದಿರಬೇಕು!" ಅಂತ ಲೆಕ್ಕ ಹಾಕಿಕೊಳ್ಳುತ್ತದೆ. ಹಾಗಂತ ಎಲ್ಲ ಕಡೆ ಮೆತ್ತಬಾರದು. ಒಂದು ಕಡೆ ಗುಂಪು, ಪಕ್ಕದಲ್ಲಿ ಖಾಲಿ ಜಾಗ. ಇನ್ನೊಂದು ನಿಯಮ, ನನ್ನ ಮಟ್ಟಿಗೆ ದೊಡ್ಡದು: ತುಂಡು ತನ್ನ ಹಳೇ ಗುರುತು ಬಿಟ್ಟುಕೊಡಬೇಕು. ನೋಡಿದವರು "ಓ, ಇದು ಪೆನ್ನಿನ ಕ್ಯಾಪು" ಅಂದರೆ ಮುಗಿಯಿತು ಕಥೆ. ತಲೆಕೆಳಗೆ ಮಾಡಿ, ಅರ್ಧ ಕತ್ತರಿಸಿ, ಇನ್ನೊಂದರ ಕೆಳಗೆ ತೂರಿಸಿ.

ಮಗಳಿಗೆ ಇದೆಲ್ಲ ಕಸದ ಕೆಲಸ. ಅವಳದ್ದು ಬಂದಾಯ್ ಕಂಪನಿಯ ಗುಂಡಮ್ ರೋಬೊಗಳು. 1980ರಿಂದ ಬರುತ್ತಿರುವ ಕಿಟ್ಟುಗಳು, ಈಗಿನವಕ್ಕೆ ಅಂಟೂ ಬೇಡ ಬಣ್ಣವೂ ಬೇಡ. ಒತ್ತಿದರೆ ಟಕ್ ಅಂತ ಕೂರುತ್ತವೆ. "ಅಪ್ಪ, ಅವರು ಇಷ್ಟು ಚೆನ್ನಾಗಿ ಮಾಡಿ ಕೊಡುವಾಗ ನೀನ್ಯಾಕೆ ಮುಚ್ಚಳ ಕೊರೀತೀಯ?" ಅನ್ನುತ್ತಾಳೆ. ಅಚ್ಚಿನ ಕೆಲಸ ನೋಡಿದರೆ ನನಗೂ ಕೈ ಮುಗಿಯಬೇಕು ಅನ್ನಿಸುತ್ತದೆ, ಕೂದಲೆಳೆಯಷ್ಟೂ ಸಂದು ಬಿಡುವುದಿಲ್ಲ. ಆದರೆ ಅಲ್ಲಿ ಯೋಚನೆ ಎಲ್ಲ ಕಾರ್ಖಾನೆಯಲ್ಲೇ ಮುಗಿದಿರುತ್ತದೆ. ಈಗಿನ ಎಲೆಕ್ಟ್ರಿಕ್ ಕಾರುಗಳೂ ಹಾಗೇ. ಓಡಿಸಲು ಬಲು ಚೆನ್ನ, ಬಾನೆಟ್ ಎತ್ತಿದರೆ ಬರೀ ಪ್ಲಾಸ್ಟಿಕ್ ಮುಚ್ಚಳ. ನನಗೆ ಕೈ ಹಾಕಲು ಜಾಗ ಬೇಕು.

ರೇವಾದಲ್ಲಿ ಜಾಗಕ್ಕೇನೂ ಕೊರತೆಯಿಲ್ಲ. ಮುಂದಿನ ಸೀಟು ಎತ್ತಿದರೆ ಕೆಳಗೆ ಎಂಟು ಬ್ಯಾಟರಿ, ಒಂದೊಂದೂ 6 ವೋಲ್ಟ್, ಒಟ್ಟು 48. ಎಲ್ಲ ಸೀಸ-ಆಸಿಡ್ಡಿನವು. ಚಾರ್ಜ್ ಆಗುವಾಗ ಒಳಗಿನ ನೀರು ಒಡೆದು ಗ್ಯಾಸಾಗಿ ಹೋಗುತ್ತದೆ. ಅದಕ್ಕೇ ಆಗಾಗ ಡಿಸ್ಟಿಲ್ಡ್ ವಾಟರ್ ಕುಡಿಸಬೇಕು. ಪೂರ್ತಿ ಖಾಲಿಯಾಗುವವರೆಗೆ ಓಡಿಸಿದರೆ ಆಯಸ್ಸು ಬೇಗ ಮುಗಿಯುತ್ತದೆ. ಕಾರಿನ ಆಕಾರವನ್ನು ನಿರ್ಧರಿಸಿದ್ದೇ ಈ ಬ್ಯಾಟರಿಗಳು. ಸೀಟು ಎತ್ತರ, ಹಾಗಾಗಿ ಚಾವಣಿ ಎತ್ತರ, ಉದ್ದ ಮಾತ್ರ ಮೊಟಕು.

ಮಾಡೆಲ್ ಲೋಕದಲ್ಲೂ ಇಂಥದ್ದೊಂದು ಕಥೆ ಇದೆ. ಟ್ಯಾಂಕ್ ಮಾಡೆಲ್‌ಗಳೆಲ್ಲ 1/35 ಅನ್ನೋ ವಿಚಿತ್ರ ಅಳತೆಯಲ್ಲಿ ಯಾಕೆ ಬರುತ್ತವೆ? ಜಪಾನಿನ ತಮಿಯಾ ಕಂಪನಿ 1960ರ ದಶಕದ ಶುರುವಿನಲ್ಲಿ ಮೋಟಾರು ಇರುವ ಪ್ಯಾಂಥರ್ ಟ್ಯಾಂಕ್ ಕಿಟ್ ಮಾಡಿತು. ಒಳಗೆ ಬ್ಯಾಟರಿ, ಮೋಟಾರು ಹಿಡಿಸಬೇಕಿತ್ತು. ಹಿಡಿಸುವಷ್ಟು ದೊಡ್ಡದು ಮಾಡಿ ಆಮೇಲೆ ಅಳತೆ ಹಾಕಿದರೆ ಹೆಚ್ಚುಕಮ್ಮಿ 1/35 ಬಂತು. ಅದೇ ನಿಂತಿತು, ಆಮೇಲೆ ಬೇರೆ ಕಂಪನಿಗಳೂ ಅದನ್ನೇ ಹಿಡಿದವು.

ರೇವಾದ ಬ್ಯಾಟರಿಗಳನ್ನು ಲಿಥಿಯಂಗೆ ಬದಲಾಯಿಸಿಕೊಳ್ಳಿ ಅಂತ ಸ್ನೇಹಿತರು ಹೇಳುತ್ತಲೇ ಇರುತ್ತಾರೆ. ಲಿಥಿಯಂ ಐರನ್ ಫಾಸ್ಫೇಟ್ ಸೆಲ್ ಒಂದಕ್ಕೆ 3.2 ವೋಲ್ಟ್, ಹದಿನಾರು ಜೋಡಿಸಿದರೆ 51.2. ಲೆಕ್ಕ ಸುಲಭ. ಆದರೆ ಚಾರ್ಜರ್ ಬೇರೆ ಬೇಕು, ಪ್ರತಿ ಸೆಲ್ಲನ್ನೂ ಕಾಯುವ ಬಿಎಂಎಸ್ ಅನ್ನೋ ಸರ್ಕ್ಯೂಟ್ ಬೇಕು, ಜೊತೆಗೆ ಗಾಡಿಯಲ್ಲಿ ಇಂಥ ಬದಲಾವಣೆಗೆ ಆರ್‌ಟಿಒ ಒಪ್ಪಿಗೆಯೂ ಬೇಕು. ಸದ್ಯಕ್ಕೆ ನೀರು ಕುಡಿಸಿಕೊಂಡೇ ಓಡಲಿ.

ಮಾಡೆಲ್‌ಗೆ ಪ್ರೈಮರ್ ಹೊಡೆಯುವ ಆಸೆ ಇತ್ತು. ಆಕಾಶ ನೋಡಿ ಕೈಬಿಟ್ಟೆ. ಈ ಆಷಾಢದ ತೇವದಲ್ಲಿ ಲ್ಯಾಕರ್ ಹೊಡೆದರೆ ಬಿಳಿಚಿಕೊಳ್ಳುತ್ತದೆ. ಥಿನ್ನರ್ ಬೇಗ ಆರುವಾಗ ಮೈ ತಣ್ಣಗಾಗಿ, ಗಾಳಿಯ ತೇವ ಬಣ್ಣದೊಳಗೇ ಕೂರುತ್ತದೆ. ಬಿಸಿಲು ಬರಲಿ. ಅಷ್ಟರಲ್ಲಿ ಅಂಟಿಸಿದ ಸಂದುಗಳನ್ನು 800ರ ಎಮರಿ ಪೇಪರಿನಲ್ಲಿ ನೀರು ಹಾಕಿ ಉಜ್ಜಿದರಾಯಿತು.

ಸಂಜೆ ಪಕ್ಕದ ಮನೆ ರಾಯರು ಮಿಕ್ಸಿ ಹಿಡಿದುಕೊಂಡು ಬಂದರು. ಕಾರಿಗೆ ಬಳಿಯುತ್ತಿದ್ದದ್ದನ್ನು ಮೇಲಿನಿಂದ ನೋಡಿದ್ದರಂತೆ. "ಇದಕ್ಕೂ ಸ್ವಲ್ಪ ಹಾಕಿಕೊಡಿ ಸಾರ್, ಮೂಲೆ ಸೀಳಿದೆ." ತಿರುಗಿಸಿ ನೋಡಿದೆ, ತಳದಲ್ಲಿ ಎಬಿಎಸ್ ಅಂತಲೇ ಇತ್ತು. ಜಾರಿನ ಮುಚ್ಚಳವನ್ನೂ ಮುಂದೆ ಹಿಡಿದರು. ಅದಕ್ಕೆ ಆಗಲ್ಲ ಅಂದೆ, ತಿನ್ನುವ ಪದಾರ್ಥ ತಾಗುವ ಕಡೆ ಇದನ್ನು ಬಳಿಯಬಾರದು. ಮಿಕ್ಸಿ ಮೈಗೆ ಎರಡು ಪದರ ಬಳಿದು ನಾಳೆ ಸಂಜೆ ತನಕ ಮುಟ್ಟಬೇಡಿ ಅಂದೆ.

"ನಾಳೆ ಸಂಜೆನಾ? ಬೆಳಗ್ಗೆ ದೋಸೆ ಸಾರ್, ಚಟ್ನಿಗೆ ಏನ್ ಮಾಡೋದು?"

ನಮ್ಮ ಮನೆ ಮಿಕ್ಸಿ ಕೊಟ್ಟು ಕಳಿಸಿದೆ. ಮನೆಯವಳಿಗೆ ಇನ್ನೂ ಹೇಳಿಲ್ಲ.