ಮನಸ್ಸು ಎಂದರೆ ಮೆದುಳಷ್ಟೇ ಅಲ್ಲವೇ?

ನಾನು ತತ್ತ್ವಶಾಸ್ತ್ರ ಕಲಿಸುವವಳು ಎಂದು ತಿಳಿದ ಕೂಡಲೇ ಹೆಚ್ಚಿನವರು ಕೇಳುವ ಪ್ರಶ್ನೆ ಇದು. "ದೇಹ ಒಂದು ಯಂತ್ರ, ಮೆದುಳು ಅದರ ಒಂದು ಭಾಗ, ಮನಸ್ಸು ಆ ಭಾಗದ ಕೆಲಸ. ವಿಜ್ಞಾನ ಇದನ್ನು ಎಂದೋ ತೀರ್ಮಾನಿಸಿದೆಯಲ್ಲ, ಇನ್ನೂ ಚರ್ಚಿಸುವುದೇನಿದೆ?" ವೈದ್ಯರೂ ಕೇಳುತ್ತಾರೆ, ಪಿಯುಸಿ ಓದುವ ಮಕ್ಕಳೂ ಕೇಳುತ್ತಾರೆ.

ಮನಸ್ಸು ಮೆದುಳನ್ನು ನೆಚ್ಚಿಕೊಂಡಿದೆ ಎಂಬುದರಲ್ಲಿ ನನಗೆ ಎಳ್ಳಷ್ಟೂ ಅನುಮಾನವಿಲ್ಲ. 'ಟಾನ್' ಎಂಬ ಸದ್ದಿನ ಹೊರತು ಬಹುಮಟ್ಟಿಗೆ ಮಾತೇ ಇಲ್ಲದಿದ್ದ ರೋಗಿಯೊಬ್ಬ 1861ರಲ್ಲಿ ಪ್ಯಾರಿಸ್ಸಿನಲ್ಲಿ ತೀರಿಕೊಂಡಾಗ, ವೈದ್ಯ ಪಾಲ್ ಬ್ರೋಕಾ ಅವನ ಮೆದುಳಿನ ಎಡ ಮುಂಭಾಗದಲ್ಲಿ ಆಗಿದ್ದ ಹಾನಿಯನ್ನು ತೋರಿಸಿದ. ಅಲ್ಲಿಂದೀಚೆಗೆ ಇಂಥ ಸಾಕ್ಷ್ಯ ಬೆಳೆಯುತ್ತಲೇ ಬಂದಿದೆ. ನನ್ನ ತಕರಾರು ಪ್ರಶ್ನೆಯ ಇನ್ನೊಂದು ತುದಿಯಲ್ಲಿದೆ. ಜಡವಸ್ತು ಎಂದರೆ ಏನೆಂದು ನಮಗೆ ಚೆನ್ನಾಗಿ ಗೊತ್ತಿದೆ, ಮನಸ್ಸನ್ನು ಅದರೊಳಗೆ ಸೇರಿಸುವುದೊಂದೇ ಬಾಕಿ ಎಂಬ ಧೈರ್ಯ ಅಲ್ಲಿದೆ. ಆ ಧೈರ್ಯಕ್ಕೆ ಆಧಾರ ಕಡಿಮೆ.

ನಾವು ಇಂದು ಜಡವಸ್ತು ಎಂದು ಯೋಚಿಸುವುದು ಹದಿನೇಳನೆಯ ಶತಮಾನದ ಯೂರೋಪಿನಲ್ಲಿ ರೂಪುಗೊಂಡ ಕಲ್ಪನೆ. 1623ರ ಒಂದು ಕೃತಿಯಲ್ಲಿ ಗೆಲಿಲಿಯೊ ಕಚಗುಳಿಯ ಉದಾಹರಣೆ ಕೊಡುತ್ತಾನೆ. ಕೈಯನ್ನು ಪ್ರತಿಮೆಯ ಮೇಲೆ ಆಡಿಸಿದರೂ ಮನುಷ್ಯನ ಮೇಲೆ ಆಡಿಸಿದರೂ ಕೈಯ ಚಲನೆ ಒಂದೇ. ಕಚಗುಳಿ ಇರುವುದು ಕೈಯಲ್ಲಲ್ಲ, ಮನುಷ್ಯನಲ್ಲಿ. ಬಣ್ಣ, ರುಚಿ, ವಾಸನೆಗಳೂ ಹಾಗೆಯೇ, ಜೀವಿಗಳನ್ನು ತೆಗೆದುಬಿಟ್ಟರೆ ಅವೂ ಇಲ್ಲವಾಗುತ್ತವೆ ಎಂದು ಅವನ ವಾದ. ವಸ್ತುವಿಗೆ ಉಳಿದದ್ದು ಆಕಾರ, ಗಾತ್ರ, ಸಂಖ್ಯೆ, ಚಲನೆ. ಗಣಿತಕ್ಕೆ ಸಿಗುವುದಷ್ಟನ್ನು ಇಟ್ಟುಕೊಂಡು ಮಿಕ್ಕದ್ದನ್ನು ಬದಿಗಿಟ್ಟದ್ದರಿಂದಲೇ ಭೌತವಿಜ್ಞಾನ ಆ ವೇಗದಲ್ಲಿ ಬೆಳೆಯಿತು. ಆದರೆ ಹಾಗೆ ಬದಿಗಿಟ್ಟವರು ನಾವೇ. ಮುಂದೆ ಒಂದು ದಿನ ಅದೇ ವಿಜ್ಞಾನದ ಪುಟಗಳಲ್ಲಿ ಕೆಂಪು ಬಣ್ಣದ ಅನುಭವ ಸಿಗಲಿಲ್ಲ ಎಂದು ಬೆರಗಾಗುವುದರಲ್ಲಿ ಅರ್ಥವಿಲ್ಲ. ಸಿಗಲಿಲ್ಲವಾದ್ದರಿಂದ ಅಂಥದ್ದೇ ಇಲ್ಲ ಎನ್ನುವುದಂತೂ ತಪ್ಪು.

ಫ್ರಾನ್ಸಿನ ತತ್ತ್ವಜ್ಞಾನಿ ದೇಕಾರ್ತ್ ಇದನ್ನು ಇನ್ನೂ ಬಿಗಿ ಮಾಡಿದ. ವಸ್ತು ಎಂದರೆ ಬರಿಯ ವ್ಯಾಪ್ತಿ, ಅಂದರೆ ಜಾಗ ಹಿಡಿಯುವ ಗುಣ; ಮನಸ್ಸು ಎಂದರೆ ಬರಿಯ ಆಲೋಚನೆ. ಒಂದರಲ್ಲಿ ಇನ್ನೊಂದರ ಲೇಶವೂ ಇಲ್ಲ. ಅರಮನೆಯ ತೋಟಗಳಲ್ಲಿ ನೀರಿನ ಒತ್ತಡದಿಂದ ಕೈಕಾಲು ಆಡಿಸುವ ಗೊಂಬೆಗಳಿಗೆ ಅವನು ಮನುಷ್ಯ ದೇಹವನ್ನು ಹೋಲಿಸಿದ. ನರಗಳೇ ಕೊಳವೆಗಳು. ಹಾಗಾದರೆ ವ್ಯಾಪ್ತಿಯೇ ಇಲ್ಲದ ಆತ್ಮ ಈ ಗೊಂಬೆಯನ್ನು ನಡೆಸುವುದು ಹೇಗೆ?

1643ರ ಮೇ ತಿಂಗಳಲ್ಲಿ ಈ ಪ್ರಶ್ನೆಯನ್ನು ಅವನಿಗೆ ನೇರವಾಗಿ ಕೇಳಿದವಳು ಬೊಹೆಮಿಯದ ರಾಜಕುಮಾರಿ ಎಲಿಜಬೆತ್. ಆಗ ಆಕೆಗೆ 24 ವರ್ಷ. ತಂದೆ ರಾಜ್ಯ ಕಳೆದುಕೊಂಡಿದ್ದ, ಕುಟುಂಬ ಹೇಗ್ ನಗರದಲ್ಲಿ ಆಶ್ರಯ ಪಡೆದಿತ್ತು. ಒಂದು ವಸ್ತುವನ್ನು ಚಲಿಸಬೇಕಾದರೆ ತಾಗಬೇಕು, ತಾಗಲು ಮೈ ಬೇಕು. ಮೈಯೇ ಇಲ್ಲದ್ದು ತಳ್ಳುವುದು ಹೇಗೆ ಎಂಬುದು ಆಕೆಯ ಪತ್ರದ ತಿರುಳು. ದೇಕಾರ್ತ್ ಭಾರದ ದೃಷ್ಟಾಂತ ಕೊಟ್ಟ: ಭಾರ ಕಲ್ಲನ್ನು ತಳ್ಳದೆಯೇ ಕೆಳಗಿಳಿಸುತ್ತದೆ ಎಂದು ನಾವು ಭಾವಿಸುತ್ತೇವಲ್ಲ, ಆತ್ಮ ದೇಹವನ್ನು ನಡೆಸುವುದೂ ಹಾಗೆ. ಆಕೆ ಒಪ್ಪಲಿಲ್ಲ. ದೇಹವಿಲ್ಲದ ಆತ್ಮಕ್ಕೆ ದೇಹವನ್ನು ಚಲಿಸುವ ಶಕ್ತಿಯಿದೆ ಎನ್ನುವುದಕ್ಕಿಂತ, ಆತ್ಮಕ್ಕೂ ವ್ಯಾಪ್ತಿ ಇದೆ ಎಂದು ಒಪ್ಪುವುದೇ ನನಗೆ ಸುಲಭ ಎಂದು ಜೂನ್‌ನಲ್ಲಿ ಬರೆದಳು. ದೇಹ ಮತ್ತು ಆತ್ಮಗಳ ಒಗ್ಗೂಡುವಿಕೆ ತಿಳಿಯುವುದು ದಿನನಿತ್ಯದ ಬದುಕಿನಲ್ಲೇ ಹೊರತು ಧ್ಯಾನದಲ್ಲಲ್ಲ ಎಂದು ದೇಕಾರ್ತ್ ಉತ್ತರಿಸಿದ. ಈ ಪತ್ರಗಳನ್ನು ಓದುವಾಗಲೆಲ್ಲ ನನ್ನ ಗೌರವ ಎಲಿಜಬೆತ್‌ಗೇ ಸಲ್ಲುತ್ತದೆ. ಇಷ್ಟು ಸ್ಪಷ್ಟವಾದ ಪ್ರಶ್ನೆಗೆ ಆ ಉತ್ತರ ಸಾಲದು.

ಆದರೆ ಆಕೆಯ ಪ್ರಶ್ನೆಯೊಳಗೂ ಒಂದು ನಂಬಿಕೆ ಇತ್ತು: ವಸ್ತು ವಸ್ತುವನ್ನು ತಾಗಿಯೇ ತಳ್ಳಬೇಕು ಎಂಬುದು. ಯಂತ್ರದೃಷ್ಟಿಯ ಜೀವಾಳವೇ ಅದು. 1687ರಲ್ಲಿ ನ್ಯೂಟನ್ ಆ ಜೀವಾಳಕ್ಕೇ ಪೆಟ್ಟು ಕೊಟ್ಟ. ಸೂರ್ಯ ಭೂಮಿಯನ್ನು ತಾಗದೆ ಸೆಳೆಯುತ್ತದೆ. ಆ ಕಾಲದ ದೊಡ್ಡ ವಿದ್ವಾಂಸರಾದ ಹೈಗೆನ್ಸ್, ಲೈಬ್ನಿಟ್ಸ್ ಇಬ್ಬರೂ ಇದನ್ನು ಒಪ್ಪಲಿಲ್ಲ. ನ್ಯೂಟನ್‌ಗೂ ಸಮಾಧಾನವಿರಲಿಲ್ಲ. ನಡುವೆ ಏನೂ ಇಲ್ಲದೆ ಜಡವಸ್ತು ದೂರದಿಂದ ಇನ್ನೊಂದರ ಮೇಲೆ ವರ್ತಿಸುತ್ತದೆ ಎಂಬುದು ಊಹೆಗೆ ನಿಲುಕದ್ದು ಎಂದು 1693ರಲ್ಲಿ ವಿದ್ವಾಂಸ ರಿಚರ್ಡ್ ಬೆಂಟ್ಲಿಗೆ ಬರೆದ. ಲೆಕ್ಕ ಮಾತ್ರ ಸರಿಯಾಗಿತ್ತು. ಜಗತ್ತು ಲೆಕ್ಕವನ್ನು ಇಟ್ಟುಕೊಂಡಿತು, ಯಂತ್ರವನ್ನು ಬಿಟ್ಟಿತು. ಅಂದರೆ ದೇಕಾರ್ತ್ ಬೇರ್ಪಡಿಸಿದ ಎರಡರಲ್ಲಿ ಮೊದಲು ಕುಸಿದದ್ದು ಅವನ ಜಡವಸ್ತು. ಕೇಳುವವರಿಗೆ ನಾನು ಮುಖ್ಯವಾಗಿ ಹೇಳಬಯಸುವುದು ಇದನ್ನೇ. ಮನಸ್ಸು ಯಂತ್ರದ ಭಾಗವೇ ಎಂದು ಕೇಳುತ್ತಿದ್ದೀರಿ; ಕಲ್ಲೂ ಆ ಅರ್ಥದಲ್ಲಿ ಯಂತ್ರದ ಭಾಗವಲ್ಲ.

ಇದರ ಫಲವನ್ನು ಚೆನ್ನಾಗಿ ಕಂಡವನು ಜೋಸೆಫ್ ಪ್ರೀಸ್ಟ್ಲಿ, ಆಮ್ಲಜನಕದ ಶೋಧಕರಲ್ಲಿ ಒಬ್ಬ. ವಸ್ತುವೆಂದರೆ ಸತ್ತ ಮುದ್ದೆಯಲ್ಲ, ಸೆಳೆಯುವ ಮತ್ತು ದೂಡುವ ಶಕ್ತಿ. ಅಂಥದ್ದು ಆಲೋಚಿಸಲೂಬಹುದಲ್ಲ ಎಂದು 1777ರಲ್ಲಿ ವಾದಿಸಿದ. ಅವನು ಕ್ರೈಸ್ತ ಪಾದ್ರಿಯೂ ಆಗಿದ್ದ. ಇರುವುದೆಲ್ಲ ವಸ್ತುವೇ ಎನ್ನುವ ಭೌತವಾದಿಯಾದರೆ ನಾಸ್ತಿಕನೇ ಆಗಿರಬೇಕು ಎನ್ನುವವರು ಅವನನ್ನು ಮರೆಯುತ್ತಾರೆ. ಇನ್ನು ನಮ್ಮ ಸಾಂಖ್ಯ ದರ್ಶನದವರು ಗೆರೆ ಎಳೆದದ್ದೇ ಬೇರೆ ಕಡೆ. ಬುದ್ಧಿ, ಅಹಂಕಾರ, ಮನಸ್ಸು ಮೂರೂ ಅವರಿಗೆ ಪ್ರಕೃತಿಯ ಪಾಲು, ಹೊರಗುಳಿಯುವುದು ಸಾಕ್ಷಿಯಾದ ಪುರುಷ, ಅಂದರೆ ಬರಿಯ ಚೈತನ್ಯ ಮಾತ್ರ. ದೇಕಾರ್ತ್‌ನ ಗೆರೆಯೊಂದೇ ಸಹಜವಾದದ್ದು ಎಂದು ಭಾವಿಸಬೇಕಾಗಿಲ್ಲ.

ಮೆದುಳಿನ ಚಿತ್ರಗಳು ಈಗ ಎಲ್ಲವನ್ನೂ ತೋರಿಸುತ್ತವಲ್ಲ ಎನ್ನುವವರಿಗೆ ಲೈಬ್ನಿಟ್ಸ್ 1714ರಲ್ಲೇ ಬರೆದದ್ದನ್ನು ಹೇಳುತ್ತೇನೆ. ಆಲೋಚಿಸುವ ಯಂತ್ರವನ್ನು ಗಿರಣಿಯಷ್ಟು ಹಿಗ್ಗಿಸಿ ಒಳಹೊಕ್ಕರೆ ಒಂದನ್ನೊಂದು ತಳ್ಳುವ ಭಾಗಗಳು ಕಾಣುತ್ತವೆ, ಅರಿವನ್ನು ವಿವರಿಸುವಂಥದ್ದು ಕಾಣುವುದಿಲ್ಲ. ಪ್ರಜ್ಞೆ ಮೆದುಳಿನಲ್ಲಿ ಹೇಗೆ ಉಂಟಾಗುತ್ತದೆ ಎಂಬುದು 25 ವರ್ಷಗಳಲ್ಲಿ ಸ್ಪಷ್ಟವಾಗುತ್ತದೆ ಎಂದು ನರವಿಜ್ಞಾನಿ ಕ್ರಿಸ್ಟಾಫ್ ಕಾಖ್ 1998ರಲ್ಲಿ ತತ್ತ್ವಜ್ಞಾನಿ ಡೇವಿಡ್ ಚಾಮರ್ಸ್ ಜೊತೆ ಪಂದ್ಯ ಕಟ್ಟಿದ್ದರು. 2023ರಲ್ಲಿ ಸೋಲೊಪ್ಪಿಕೊಂಡರು.

ನನ್ನ ಸ್ವಂತ ನಿಲುವು ತತ್ತ್ವಜ್ಞಾನಿ ಬರ್ಟ್ರಂಡ್ ರಸೆಲ್ 1927ರಲ್ಲಿ ಮುಂದಿಟ್ಟ ವಿಚಾರಕ್ಕೆ ಹತ್ತಿರವಾದದ್ದು. ಭೌತವಿಜ್ಞಾನ ವಸ್ತು ಹೇಗೆ ವರ್ತಿಸುತ್ತದೆ ಎಂಬುದನ್ನು ಹೇಳುತ್ತದೆ, ಒಳಗಿನಿಂದ ಅದು ಏನು ಎಂಬುದನ್ನಲ್ಲ. ಒಳಗಿನಿಂದ ನಮಗೆ ಗೊತ್ತಿರುವುದು ನಮ್ಮ ಅನುಭವ ಒಂದೇ, ಅದೂ ಪ್ರಕೃತಿಯದೇ ಅಂಗ. ಹಾಗಾದರೆ ವಸ್ತುವಿನ ಕಣಕಣದೊಳಗೂ ಅನುಭವದಂಥ ಒಂದು ಚೂರು ಇರಬಹುದು. ಇದರಲ್ಲೂ ದೊಡ್ಡ ತೊಡಕಿದೆ. ಹನ್ನೆರಡು ಪದಗಳ ವಾಕ್ಯವೊಂದನ್ನು ಹನ್ನೆರಡು ಜನರಿಗೆ ಒಂದೊಂದು ಪದದಂತೆ ಹಂಚಿದರೆ ಇಡೀ ವಾಕ್ಯದ ಅರಿವು ಎಲ್ಲಿಯೂ ಹುಟ್ಟುವುದಿಲ್ಲ ಎಂದು ಮನೋವಿಜ್ಞಾನಿ ವಿಲಿಯಂ ಜೇಮ್ಸ್ 1890ರಲ್ಲಿ ಬರೆದ. ಕಣಕಣದ ಚೂರು ಸೇರಿ ನನ್ನ ಒಂದು ಹಲ್ಲುನೋವು ಆಗುವುದು ಹೇಗೆ ಎಂಬುದಕ್ಕೆ ನಾನು ಓದಿದ ಯಾವ ಉತ್ತರವೂ ಒಪ್ಪಿಗೆಯಾಗಿಲ್ಲ. ಆದರೂ ನಾನು ಆರಿಸಿಕೊಳ್ಳುವುದು ಈ ತೊಡಕನ್ನೇ, ಏಕೆಂದರೆ ಇಲ್ಲಿ ನೋವು ಇದೆ ಎಂಬುದನ್ನು ಅಲ್ಲಗಳೆಯಬೇಕಾಗಿಲ್ಲ.